ಪ್ರೋಟಾನಿನ ತೂಕ ಎಲ್ಲಿಂದ ಬಂತು?

(ಬದಿಯಡ್ಕದಲ್ಲಿ ಪ್ಲಸ್ ಟು ಮಕ್ಕಳಿಗೂ ಊರವರಿಗೂ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಡಿಕೆ ತೋಟದವರೇ ಜಾಸ್ತಿ ಇದ್ದೀರಿ, ತಕ್ಕಡಿಯಿಂದಲೇ ಶುರು ಮಾಡುತ್ತೇನೆ. ಒಂದು ಗೋಣಿ ಚಾಲಿ ತೂಗಿದಿರಿ, ನೂರು ಕಿಲೋ ಬಂತು. ಗೋಣಿ ಬಿಚ್ಚಿ ಅಡಿಕೆಯನ್ನಷ್ಟೇ ತೂಗಿದರೆ ಒಂದೇ ಕಿಲೋ! ಅಂಗಡಿಯಲ್ಲಿ ಜಗಳ ಆಗದೆ ಇರುತ್ತದಾ? ಪರಮಾಣುವಿನ ನಡುವಿನ ಕಣ ಪ್ರೋಟಾನಿನ ಲೆಕ್ಕ ಹೀಗೇ ಇದೆ.

ಅದರೊಳಗೆ ಕ್ವಾರ್ಕ್ ಅನ್ನುವ ಇನ್ನೂ ಸಣ್ಣ ಕಣಗಳಿವೆ: ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಮೂರರ ಸ್ವಂತ ತೂಕ ಸೇರಿಸಿದರೆ ಸುಮಾರು 9 ಎಂಇವಿ. ಪ್ರೋಟಾನ್ ತೂಗುವುದು 938. ಎಂಇವಿ ಅಂದರೆ ಶಕ್ತಿಯ ಅಳತೆ. ತೂಕವೂ ಶಕ್ತಿಯೂ ಒಂದೇ ಅಂತ ಐನ್‌ಸ್ಟೈನ್ ತೋರಿಸಿದ ಮೇಲೆ ನಾವು ಕಣಗಳ ತೂಕವನ್ನೂ ಅದರಲ್ಲೇ ಹೇಳುತ್ತೇವೆ.

2012ರಲ್ಲಿ ಹಿಗ್ಸ್ ಕಣ ಸಿಕ್ಕಿತು. ಎಲ್ಲದಕ್ಕೂ ತೂಕ ಕೊಡುವ ಕಣ ಅಂತ ಅದನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ಆ ಮಾತು ಹಿಡಿಸುವುದಿಲ್ಲ. ಪ್ರೋಟಾನಿನಲ್ಲಿ ಹಿಗ್ಸ್‌ನ ನೇರ ಪಾಲು ಆ 9ರಷ್ಟೇ. 60 ಕಿಲೋ ತೂಗುವವರಲ್ಲಿ ಅದು ಮುಕ್ಕಾಲು ಕಿಲೋ ಕೂಡ ಆಗುವುದಿಲ್ಲ.

ಉಳಿದದ್ದು ಕ್ವಾರ್ಕ್‌ಗಳನ್ನು ಕಟ್ಟಿಹಾಕುವ ಬಲದಿಂದ ಬರುತ್ತದೆ. ಆ ಬಲವನ್ನು ಸಾಗಿಸುವ ಗ್ಲುವಾನ್‌ಗೆ ಸ್ವಂತ ತೂಕವೇ ಇಲ್ಲ, ತಮಾಷೆ ಅಲ್ವಾ? ಇಕ್ಕಟ್ಟಿನಲ್ಲಿ ಓಡುವ ಕ್ವಾರ್ಕ್‌ಗಳ ಶಕ್ತಿ, ಗ್ಲುವಾನ್‌ಗಳ ಶಕ್ತಿ, ಇವೇ ತಕ್ಕಡಿಯಲ್ಲಿ ಕಾಣುತ್ತವೆ.

ಇದರ ಹಿಂದಿನ ಉಪಾಯ ಯೊಇಚಿರೊ ನಂಬು ಅನ್ನುವ ಭೌತವಿಜ್ಞಾನಿಯದು. 1957ರಲ್ಲಿ ಸೂಪರ್‌ಕಂಡಕ್ಟರ್‌ಗಳ, ಅಂದರೆ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ವಸ್ತುಗಳ ಸಿದ್ಧಾಂತ ಬಂತು: ಲೋಹದೊಳಗೆ ಎಲೆಕ್ಟ್ರಾನ್‌ಗಳು ಜೋಡಿಯಾಗುತ್ತವೆ. ನಂಬು ಅದನ್ನೇ ಖಾಲಿ ಜಾಗಕ್ಕೆ ಹಚ್ಚಿ ನೋಡಿದರು. ಖಾಲಿ ಅಂತ ನಾವು ಹೇಳುವ ಜಾಗದಲ್ಲಿ ಕಣ ಮತ್ತು ಪ್ರತಿಕಣಗಳ ಜೋಡಿಗಳು ತುಂಬಿವೆ. ತೂಕವಿಲ್ಲದ ಕಣ, ಓಡುವ ದಿಕ್ಕಿಗೆ ಹೋಲಿಸಿದರೆ ಯಾವ ಕಡೆಗೆ ತಿರುಗುತ್ತದೆ ಅನ್ನುವುದರ ಮೇಲೆ, ಒಂದೋ ಎಡಗೈಯದು, ಇಲ್ಲವೇ ಬಲಗೈಯದು. ಎಡ ಬಲವಾಗುವುದಿಲ್ಲ, ಬಲ ಎಡವಾಗುವುದಿಲ್ಲ. ಈ ಜೋಡಿಗಳ ನಡುವೆ ಹೋಗುವಾಗ ಮಾತ್ರ ಅದು ಎಡ, ಬಲ ಅಂತ ಬದಲಾಗುತ್ತಲೇ ಹೋಗಬೇಕು. ಹಾಗೆ ಬದಲಾಗುವ ಕಣಕ್ಕೆ ತೂಕ ಬಂದುಬಿಡುತ್ತದೆ. ಎರಡೋ ಐದೋ ಎಂಇವಿಯ ಕ್ವಾರ್ಕ್ ಸುಮಾರು 300 ಎಂಇವಿಯದರ ಹಾಗೆ ನಡೆದುಕೊಳ್ಳುತ್ತದೆ. ಅಂಥ ಮೂರನ್ನು ಕೂಡಿಸಿ ನೋಡಿ!

ಸುಮ್ನೆ ಹೇಳಿದರೆ ನಂಬಬೇಡಿ, ಸಾಕ್ಷಿ ಕೇಳಿ. ಸಾಕ್ಷಿ ಪಯಾನ್ ಅನ್ನುವ ಕಣ. ಅದರಲ್ಲಿ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ಈ ಲೆಕ್ಕದಲ್ಲಿ 600ರಷ್ಟಾದರೂ ಇರಬೇಕಿತ್ತು. ಅಂಥದೇ ಜೋಡಿಯ ರೋ ಕಣ 775 ಇದೆ. ಪಯಾನ್ ಮಾತ್ರ ಬರೀ 140! ಎಡ ಎಡವಾಗಿಯೇ, ಬಲ ಬಲವಾಗಿಯೇ ಉಳಿಯುವ ಸಮತೆ ಹೀಗೆ ತಾನಾಗಿ ಮುರಿದರೆ ಒಂದು ಹಗುರ ಕಣ ಹುಟ್ಟಲೇಬೇಕು ಅನ್ನುತ್ತದೆ ಸಿದ್ಧಾಂತ. ಕ್ವಾರ್ಕ್‌ಗಳಿಗೆ ಸ್ವಂತ ತೂಕ ಒಂದು ಚೂರೂ ಇಲ್ಲದಿದ್ದರೆ ಪಯಾನ್ ತೂಕ ಸೊನ್ನೆಯೇ ಆಗುತ್ತಿತ್ತು. ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ನಂಬು ಮತ್ತು ಅವರ ಜೊತೆ ಕೆಲಸ ಮಾಡಿದ ಯೋನಾ-ಲಸಿನಿಯೊ ಇದನ್ನು ಪ್ರಕಟಿಸಿದ್ದು 1961ರಲ್ಲಿ. ಆಗ ಕ್ವಾರ್ಕ್ ಅನ್ನುವ ಕಲ್ಪನೆಯೇ ಇರಲಿಲ್ಲ, ಅದು ಬಂದದ್ದು 1964ಕ್ಕೆ. ಅವರು ಲೆಕ್ಕ ಹಾಕಿದ್ದು ಪ್ರೋಟಾನ್, ನ್ಯೂಟ್ರಾನ್‌ಗಳನ್ನೇ ಇಟ್ಟುಕೊಂಡು. ನಂಬು ಅವರಿಗೆ ನೊಬೆಲ್ ಸಿಕ್ಕಿದ್ದು 2008ರಲ್ಲಿ. ಅವರ ಉಪನ್ಯಾಸವನ್ನು ಸ್ಟಾಕ್‌ಹೋಮ್‌ನಲ್ಲಿ ಓದಿದವರು ಅದೇ ಯೋನಾ-ಲಸಿನಿಯೊ. ಅದೇ ವರ್ಷ ಸೂಪರ್‌ಕಂಪ್ಯೂಟರ್‌ಗಳು ಬುಡದಿಂದ ಲೆಕ್ಕ ಹಾಕಿ ಪ್ರೋಟಾನಿನ ತೂಕವನ್ನು ಹೆಚ್ಚುಕಮ್ಮಿ ಸರಿಯಾಗಿಯೇ ತೋರಿಸಿದವು.

ಗಣಿತದವರಿಗೆ ಇದು ಸಾಲದು. ಬರೀ ಗ್ಲುವಾನ್‌ಗಳಿದ್ದರೂ ತೂಕ ಹುಟ್ಟುತ್ತದೆ ಅಂತ ಪೆನ್ನು ಕಾಗದದಲ್ಲಿ ಸಾಧಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲೇ ಹತ್ತು ಲಕ್ಷ ಡಾಲರ್ ಇಟ್ಟಿದೆ. ಆ ಹಣವನ್ನು ಇನ್ನೂ ಯಾರೂ ಗೆದ್ದಿಲ್ಲ. ಪ್ಲಸ್ ಟು ಮಕ್ಕಳೇ, ಈಗ ನಿಮ್ಮ ಪ್ರಶ್ನೆ ಕೇಳಿ.