ಶತ್ರುವೇ ನೆರೆಯವನಾದಾಗ: ಫಿನ್‌ಲೆಂಡಿನ ಯುದ್ಧ ಮತ್ತು ಅದರ ನಂತರದ ಬದುಕು

ಮಾನ್ಯರೇ,

1947ರ ಫೆಬ್ರವರಿ 10ರಂದು ಪ್ಯಾರಿಸ್‌ನಲ್ಲಿ ಫಿನ್‌ಲೆಂಡಿನೊಡನೆ ಒಂದು ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಆ ಒಪ್ಪಂದದ ಪೀಠಿಕೆಯಲ್ಲಿ ಫಿನ್‌ಲೆಂಡಿನೊಡನೆ ಯುದ್ಧದಲ್ಲಿರುವ ರಾಷ್ಟ್ರಗಳ ಪಟ್ಟಿಯೊಂದಿದೆ. ಸೋವಿಯತ್ ಒಕ್ಕೂಟ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ಸಾಲಿನಲ್ಲಿ ಭಾರತದ ಹೆಸರೂ ಅಲ್ಲಿದೆ. ಸ್ವಾತಂತ್ರ್ಯಕ್ಕೆ ಇನ್ನೂ ಆರು ತಿಂಗಳಿದ್ದ ನಮ್ಮ ದೇಶ, ತಾನು ಕಂಡೂ ಕೇಳದ ಒಂದು ಹಿಮದ ನಾಡಿಗೆ ಕಾಗದದ ಮೇಲೆ ಶತ್ರುವಾಗಿತ್ತು. ನಮಗೂ ಅವರಿಗೂ ಇದ್ದದ್ದು ಕಾಗದದ ವೈರ, ಸಹಿಯೊಂದಿಗೆ ಮುಗಿಯಿತು. ಆದರೆ ಅದೇ ಪಟ್ಟಿಯ ಮೊದಲ ಹೆಸರಿನೊಡನೆ ಫಿನ್‌ಲೆಂಡ್ ಸಾವಿರ ಕಿಲೋಮೀಟರಿಗೂ ಉದ್ದದ ಗಡಿಯನ್ನು ಹಂಚಿಕೊಂಡಿತ್ತು. ಕಾದಾಡಿ ಸೋತ ಮೇಲೂ ಗೆದ್ದವನ ಪಕ್ಕದಲ್ಲೇ ಮನೆ ಮಾಡಿಕೊಂಡು ಬದುಕಬೇಕಾದ ದೇಶವೊಂದು ಆ ಬದುಕನ್ನು ಹೇಗೆ ಕಟ್ಟಿಕೊಂಡಿತು, ಅದಕ್ಕೆ ಯಾವ ಬೆಲೆ ತೆತ್ತಿತು ಎಂಬುದೇ ಇಂದಿನ ನನ್ನ ವಿಷಯ.

ಯುದ್ಧದ ಕಥೆಯನ್ನು ಮೊದಲು ಹೇಳಬೇಕು. 1939ರ ಆಗಸ್ಟ್‌ನಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಮಾಡಿಕೊಂಡ ಗುಪ್ತ ಒಡಂಬಡಿಕೆಯಲ್ಲಿ ಫಿನ್‌ಲೆಂಡ್ ಸೋವಿಯತ್ತಿನ ಪಾಲಿಗೆ ಬಿದ್ದಿತ್ತು. ಗಡಿಯಿಂದ ಲೆನಿನ್‌ಗ್ರಾಡ್ ನಗರಕ್ಕೆ ಇದ್ದದ್ದು ಸುಮಾರು 32 ಕಿಲೋಮೀಟರ್ ಮಾತ್ರ. ನಗರವನ್ನು ಎತ್ತಿ ಬೇರೆಡೆ ಇಡಲಾಗದ ಕಾರಣ ಗಡಿಯೇ ಹಿಂದೆ ಸರಿಯಬೇಕೆಂಬುದು ಸ್ಟಾಲಿನ್ನನ ವಾದ. ಮಾಸ್ಕೋದ ಮಾತುಕತೆಗೆ ಫಿನ್‌ಲೆಂಡಿನ ಪರವಾಗಿ ಹೋದವನು ಪಾಸಿಕಿವಿ ಎಂಬ ಹಿರಿಯ ಮುತ್ಸದ್ದಿ. ಒಂದಿಷ್ಟು ಬಿಟ್ಟುಕೊಟ್ಟು ಯುದ್ಧ ತಪ್ಪಿಸೋಣವೆಂಬ ಮನಸ್ಸು ಅವನಿಗಿತ್ತು, ಹೆಲ್ಸಿಂಕಿಯ ಸರ್ಕಾರಕ್ಕೆ ಇರಲಿಲ್ಲ. ನವೆಂಬರ್ 30ರಂದು ಕೆಂಪು ಸೇನೆ ಗಡಿ ದಾಟಿತು. ಕೇವಲ 37 ಲಕ್ಷ ಜನಸಂಖ್ಯೆಯ ದೇಶ 105 ದಿನ ಹೋರಾಡಿತು, 25,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು, ಕೊನೆಗೆ ಕರೇಲಿಯಾ ಪ್ರಾಂತವನ್ನು ಒಪ್ಪಿಸಿ ಶಾಂತಿ ಪಡೆಯಿತು. ಆ ಪ್ರಾಂತದ ನಾಲ್ಕು ಲಕ್ಷಕ್ಕೂ ಮಿಕ್ಕ ಜನ ಸೋವಿಯತ್ ಆಳ್ವಿಕೆಯಲ್ಲಿ ಉಳಿಯಲೊಲ್ಲದೆ ಮನೆಮಠ ಬಿಟ್ಟು ಪಶ್ಚಿಮಕ್ಕೆ ಹೊರಟರು. ಇದನ್ನು ಚಳಿಗಾಲದ ಯುದ್ಧವೆನ್ನುತ್ತಾರೆ. ಇಲ್ಲಿ ಅನ್ಯಾಯ ಯಾರದೆಂಬುದರಲ್ಲಿ ಗೊಂದಲವಿಲ್ಲ. ಜಗತ್ತಿನ ಸಹಾನುಭೂತಿಯೆಲ್ಲ ಫಿನ್‌ಲೆಂಡಿನ ಕಡೆಗಿತ್ತು, ದಾಳಿ ಮಾಡಿದ ತಪ್ಪಿಗೆ ಸೋವಿಯತ್ ಒಕ್ಕೂಟವನ್ನು ರಾಷ್ಟ್ರಸಂಘದಿಂದ ಹೊರಹಾಕಲಾಯಿತು.

ಗೊಂದಲ ಹುಟ್ಟುವುದು ಎರಡನೆಯ ಯುದ್ಧದಲ್ಲಿ. 1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ತಿನ ಮೇಲೆ ಬಿದ್ದಾಗ ಫಿನ್‌ಲೆಂಡ್ ಅವನ ಜೊತೆಗೇ ಯುದ್ಧಕ್ಕಿಳಿಯಿತು. ತಾವು ಜರ್ಮನಿಯ ಮಿತ್ರರಲ್ಲ, ಒಂದೇ ಶತ್ರುವಿನ ಮೇಲೆ ಬೇರೆಬೇರೆಯಾಗಿ ಕಾದುತ್ತಿರುವವರು ಮಾತ್ರ ಎಂದು ಹೆಲ್ಸಿಂಕಿ ಹೇಳಿಕೊಂಡಿತು. ಯುದ್ಧಕ್ಕೆ ‘ಮುಂದುವರಿಕೆಯ ಯುದ್ಧ’ ಎಂದು ಹೆಸರಿಟ್ಟಿತು. ಕಳೆದುಕೊಂಡ ನೆಲವನ್ನು ಮರಳಿ ಪಡೆಯುತ್ತಿದ್ದೇವೆ ಎಂಬ ಅರ್ಥ ಆ ಹೆಸರಿನಲ್ಲೇ ಅಡಗಿದೆ. ಈ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಫಿನ್‌ಲೆಂಡಿನ ಯಹೂದಿ ಪ್ರಜೆಗಳು ಆ ಸೇನೆಯಲ್ಲೇ ಸೈನಿಕರಾಗಿದ್ದರು. ಅಮೆರಿಕ ಕೊನೆಯವರೆಗೂ ಫಿನ್‌ಲೆಂಡಿನ ಮೇಲೆ ಯುದ್ಧ ಸಾರಲಿಲ್ಲ. ಬ್ರಿಟನ್ ಸಾರಿದ್ದು 1941ರ ಡಿಸೆಂಬರ್ 6ರಂದು. ಅದು ಫಿನ್‌ಲೆಂಡಿನ ಸ್ವಾತಂತ್ರ್ಯ ದಿನ ಎಂಬುದು ವಿಧಿಯ ಕುಚೋದ್ಯ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ಓದಬೇಕು. ದೇಶದ ಉತ್ತರಾರ್ಧದಲ್ಲಿ ಜರ್ಮನ್ ಸೇನೆ ಬೀಡುಬಿಟ್ಟಿತ್ತು, ಊಟದ ಧಾನ್ಯಕ್ಕೂ ಜರ್ಮನಿಯ ಮುಖ ನೋಡಬೇಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಫಿನ್ನಿಷ್ ಸೇನೆ 1939ರ ಗಡಿಯಲ್ಲಿ ನಿಲ್ಲಲಿಲ್ಲ. ತನ್ನದೆಂದೂ ಆಗಿರದ ಪೂರ್ವ ಕರೇಲಿಯಾದೊಳಕ್ಕೆ ನುಗ್ಗಿ ಪೆಟ್ರೊಜಾವೊಡ್ಸ್ಕ್ ನಗರವನ್ನು ಹಿಡಿಯಿತು. ಅಲ್ಲಿಯ ರಷ್ಯನ್ ನಾಗರಿಕರನ್ನು, ಹೆಂಗಸರು ಮಕ್ಕಳೆನ್ನದೆ, ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತು. ಒಂದು ಹಂತದಲ್ಲಿ ಈ ಶಿಬಿರಗಳಲ್ಲಿದ್ದವರು ಸುಮಾರು 24,000 ಮಂದಿ. ಹಸಿವು ಮತ್ತು ರೋಗಗಳಿಂದ ಸತ್ತವರು 4,000ಕ್ಕೂ ಹೆಚ್ಚು. ‘ಕಾನ್ಸಂಟ್ರೇಷನ್ ಕ್ಯಾಂಪ್’ ಎಂದೇ ಕರೆಯುತ್ತಿದ್ದ ಶಿಬಿರಗಳನ್ನು 1943ರಲ್ಲಿ ‘ವರ್ಗಾವಣೆ ಶಿಬಿರ’ವೆಂದು ಮರುನಾಮಕರಣ ಮಾಡಲಾಯಿತು. ಹೆಸರು ಬದಲಿಸಬೇಕೆನಿಸಿತೆಂದರೆ ಹಳೆಯ ಹೆಸರು ಏನು ಹೇಳುತ್ತದೆಂಬುದು ಅಧಿಕಾರಿಗಳಿಗೆ ಆಗಲೇ ತಿಳಿದಿತ್ತೆಂದೇ ಅರ್ಥ. ಈ ಶಿಬಿರಗಳ ವಿಷಯವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

1944ರ ಬೇಸಿಗೆಯ ಹೊತ್ತಿಗೆ ಫಿನ್‌ಲೆಂಡ್ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಗಿತ್ತು. ಕೆಂಪು ಸೇನೆಯ ಮಹಾದಾಳಿಯನ್ನು ತಡೆಯಲು ಜರ್ಮನಿಯ ಆಯುಧ ಬೇಕು. ಆಯುಧ ಬೇಕಾದರೆ ತಮ್ಮನ್ನು ಬಿಟ್ಟು ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳುವುದಿಲ್ಲವೆಂದು ಭಾಷೆ ಕೊಡಿ ಎಂದರು ಜರ್ಮನರು. ಅಧ್ಯಕ್ಷ ರಿಸ್ಟೊ ರೂತಿ ಸಂಸತ್ತನ್ನು ಬದಿಗಿಟ್ಟು ತನ್ನ ಸ್ವಂತ ಹೆಸರಿನಲ್ಲಿ ಹಿಟ್ಲರನಿಗೆ ಪತ್ರ ಬರೆದ. ಆಯುಧ ಬಂತು, ದಾಳಿ ನಿಂತಿತು. ಒಂದೆರಡು ತಿಂಗಳೊಳಗೆ ರೂತಿ ರಾಜೀನಾಮೆ ಕೊಟ್ಟ. ಭಾಷೆ ಕೊಟ್ಟವನು ಅಧಿಕಾರದಲ್ಲಿಲ್ಲದ ಮೇಲೆ ಆ ಭಾಷೆಗೆ ದೇಶ ಬದ್ಧವಲ್ಲವೆಂದು ಹೊಸ ಅಧ್ಯಕ್ಷ ಮನ್ನರ್‌ಹೈಮ್ ಸೆಪ್ಟೆಂಬರ್‌ನಲ್ಲಿ ಕದನವಿರಾಮ ಮಾಡಿಕೊಂಡ. ರಾಜತಂತ್ರದ ಇತಿಹಾಸದಲ್ಲಿ ಇಷ್ಟು ನಾಜೂಕಾಗಿ ಮಾತು ಮುರಿದ ಉದಾಹರಣೆ ನನಗೆ ಇನ್ನೊಂದು ತಿಳಿಯದು. ಕದನವಿರಾಮದ ಷರತ್ತಿನಂತೆ ನಿನ್ನೆಯವರೆಗಿನ ಜೊತೆಗಾರರಾದ ಜರ್ಮನರನ್ನು ಫಿನ್ನರೇ ಹೊರಗಟ್ಟಬೇಕಾಯಿತು. ಹಿಂದೆ ಸರಿಯುತ್ತ ಜರ್ಮನರು ಲ್ಯಾಪ್‌ಲೆಂಡ್ ಪ್ರಾಂತವನ್ನು ಸುಟ್ಟರು, ರೊವಾನಿಯೆಮಿ ಪಟ್ಟಣ ಬೂದಿಯಾಯಿತು.

ಹೀಗೆ ಯುದ್ಧ ಮುಗಿಯುವಾಗ ಫಿನ್‌ಲೆಂಡಿಗೆ ಇಬ್ಬರು ಮಾಜಿ ಶತ್ರುಗಳಿದ್ದರು. ಜರ್ಮನಿಯೊಡನೆ ಮನಸ್ಸು ತಿಳಿಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಜರ್ಮನರು ಸುಟ್ಟಿದ್ದ ಅದೇ ರೊವಾನಿಯೆಮಿಯ ಬಳಿ, ನೊರ್ವಯಾರ್ವಿ ಸರೋವರದ ದಡದಲ್ಲಿ, 1963ರಲ್ಲಿ ಜರ್ಮನ್ ಸೈನಿಕರ ಸ್ಮಶಾನ ಸಿದ್ಧವಾಗಿತ್ತು. ಜರ್ಮನಿಯೊಡನೆ ಗಡಿಯಿರಲಿಲ್ಲ, ಆದ್ದರಿಂದ ಮರೆಯುವುದು ಸುಲಭವಾಯಿತೆಂದು ನನ್ನ ಅನಿಸಿಕೆ. ಸೋವಿಯತ್ತಿನ ವಿಷಯದಲ್ಲಿ ಆ ಸೌಲಭ್ಯವಿರಲಿಲ್ಲ.

ಸೋವಿಯತ್ತಿಗೆ ಮೊದಲು ತೀರಿಸಬೇಕಾಗಿದ್ದು ಹಣದ ಲೆಕ್ಕ. ಯುದ್ಧಪರಿಹಾರವೆಂದು ನಿಗದಿಯಾದದ್ದು 30 ಕೋಟಿ ಡಾಲರ್, ಅದೂ 1938ರ ಬೆಲೆಗಳ ಆಧಾರದಲ್ಲಿ. ನಗದು ಬೇಡ, ಸರಕು ಬೇಕೆಂದಿತು ಮಾಸ್ಕೋ. ಮರದ ದಿಮ್ಮಿ ಮತ್ತು ಕಾಗದವಷ್ಟೇ ಆಗಿದ್ದರೆ ಕಾಡಿನ ದೇಶಕ್ಕೆ ಹೇಗೋ ಸಾಗುತ್ತಿತ್ತು. ಆದರೆ ಕೇಳಿದ್ದರಲ್ಲಿ ಹೆಚ್ಚಿನ ಪಾಲು ಹಡಗುಗಳು, ಎಂಜಿನ್ನುಗಳು, ಯಂತ್ರಗಳು, ಕೇಬಲ್ಲುಗಳು. ತಡವಾದರೆ ತಿಂಗಳಿಗೆ ಶೇಕಡ 5ರಷ್ಟು ದಂಡ. ಮೊದಲು ಆರು ವರ್ಷವೆಂದಿದ್ದ ಅವಧಿ ಎಂಟಾಯಿತು, 1948ರಲ್ಲಿ ಉಳಿದ ಬಾಕಿಯಲ್ಲಿ ಅರ್ಧ ಮನ್ನಾ ಆಯಿತು. ಸೋವಿಯತ್ ಮುನಿಸಿಗೆ ಹೆದರಿ ಅಮೆರಿಕದ ಮಾರ್ಷಲ್ ನೆರವನ್ನು ಬೇಡವೆಂದ ದೇಶ, ಇಷ್ಟನ್ನೂ ತನ್ನ ದುಡಿಮೆ ಮತ್ತು ಸಾಲದ ಮೇಲೆಯೇ ತೆರಬೇಕಾಯಿತು. ಮನೆ ಕಳೆದುಕೊಂಡ ಕರೇಲಿಯನ್ನರಿಗೆ, ಅಂದರೆ ಹೆಚ್ಚುಕಡಿಮೆ ಪ್ರತಿ ಒಂಬತ್ತು ಜನರಲ್ಲಿ ಒಬ್ಬರಿಗೆ, ಭೂಮಿ ಹಂಚುವ ಕೆಲಸವೂ ಅದೇ ವರ್ಷಗಳಲ್ಲಿ ನಡೆಯುತ್ತಿತ್ತು. 1952ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ಕೊನೆಯ ರೈಲು ವೈನಿಕ್ಕಲಾ ಗಡಿ ನಿಲ್ದಾಣವನ್ನು ದಾಟಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ಆರಂಭವಾಗಿತ್ತು. ನಮ್ಮ ಹಾಕಿ ತಂಡ ಚಿನ್ನ ಗೆದ್ದದ್ದು, ಖಾಶಾಬಾ ಜಾಧವ್ ಕುಸ್ತಿಯಲ್ಲಿ ಕಂಚು ತಂದದ್ದು ಅಲ್ಲಿಯೇ.

ಈ ದಂಡದಿಂದ ಯಾರೂ ನಿರೀಕ್ಷಿಸದ ಫಲವೊಂದು ಬಂತು. ಪರಿಹಾರಕ್ಕೆಂದೇ ಕಟ್ಟಿದ ಹಡಗುಕಟ್ಟೆಗಳು, ಲೋಹದ ಕಾರ್ಖಾನೆಗಳು ದಂಡ ತೀರಿದ ಮೇಲೂ ನಿಂತವು. ಅವು ತಯಾರಿಸುವ ಸರಕಿಗೆ ಒಗ್ಗಿಕೊಂಡ ಗಿರಾಕಿ ಪಕ್ಕದಲ್ಲೇ ಇದ್ದ. ನಿನ್ನೆ ಬಿಟ್ಟಿಯಾಗಿ ಹೋದ ಸಾಮಾನು ನಾಳೆ ಕ್ರಯಕ್ಕೆ ಹೋಯಿತು. ಮಾಜಿ ಶತ್ರುಗಳ ನಡುವೆ ಮೊದಲು ಹುಟ್ಟಿದ್ದು ಪ್ರೀತಿಯಲ್ಲ, ವ್ಯಾಪಾರ.

ಎರಡನೆಯದು ಮರ್ಯಾದೆಯ ಲೆಕ್ಕ. ಯುದ್ಧಕ್ಕೆ ಹೊಣೆಯಾದವರನ್ನು ಫಿನ್‌ಲೆಂಡೇ ಶಿಕ್ಷಿಸಬೇಕೆಂಬ ಷರತ್ತಿತ್ತು. ಕೃತ್ಯ ನಡೆದಾಗ ಇರದಿದ್ದ ಕಾನೂನನ್ನು ಆಮೇಲೆ ಮಾಡಿ, ರೂತಿ ಸೇರಿ ಎಂಟು ನಾಯಕರನ್ನು ವಿಚಾರಣೆಗೆ ಗುರಿಪಡಿಸಿದರು. ರೂತಿಗೆ ಹತ್ತು ವರ್ಷಗಳ ಸೆರೆಯಾಯಿತು. ಜನ ಇದನ್ನು ತಮ್ಮ ನಾಯಕರು ದೇಶಕ್ಕಾಗಿ ಹೊತ್ತ ಹೊರೆಯೆಂದೇ ಬಗೆದರು. ಆಗ ಅಧ್ಯಕ್ಷನಾಗಿದ್ದ ಪಾಸಿಕಿವಿ 1949ರಲ್ಲಿ ರೂತಿಯನ್ನು ಕ್ಷಮಿಸಿ ಬಿಡುಗಡೆ ಮಾಡಿದ, 1956ರಲ್ಲಿ ರೂತಿ ಸತ್ತಾಗ ಅಧ್ಯಕ್ಷನಿಗೆ ಸಲ್ಲುವ ಗೌರವದೊಡನೆ ಮಣ್ಣು ಮಾಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ಇಲ್ಲಿ ಮೊದಲಿನಿಂದ ಕೊನೆಯವರೆಗೆ ಕಾಣುತ್ತದೆ.

ಮೂರನೆಯದು ಮೌನ. ಸೋವಿಯತ್ತಿನೊಡನೆ ಮಾಡಿಕೊಂಡ 1948ರ ಮೈತ್ರಿ ಒಪ್ಪಂದದಿಂದ ಹಿಡಿದು, ಪಾಸಿಕಿವಿಯ ನಂತರ 1956ರಿಂದ 1982ರವರೆಗೆ ಅಧ್ಯಕ್ಷನಾಗಿದ್ದ ಕೆಕ್ಕೊನೆನ್ ಕಾಲದುದ್ದಕ್ಕೂ, ಫಿನ್‌ಲೆಂಡ್ ಒಂದು ಅಲಿಖಿತ ನಿಯಮವನ್ನು ಪಾಲಿಸಿತು: ಪಕ್ಕದ ಮನೆಯವನ ಬಗ್ಗೆ ಬೀದಿಯಲ್ಲಿ ನಿಂತು ಮಾತಾಡಬಾರದು. ಗ್ರಂಥಾಲಯಗಳಿಂದ ಸೋವಿಯತ್ ವಿರೋಧಿ ಪುಸ್ತಕಗಳು ಮರೆಯಾದವು. 1961ರಲ್ಲಿ ಮಾಸ್ಕೋದಿಂದ ಸೇನಾ ಸಮಾಲೋಚನೆಗೆ ಕರೆಯುವ ಪತ್ರ ಬಂದಾಗ ಕೆಕ್ಕೊನೆನ್ ಸೈಬೀರಿಯಾದ ನೊವೊಸಿಬಿರ್ಸ್ಕ್‌ವರೆಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವನನ್ನು ಸಮಾಧಾನಪಡಿಸಿದ. ಅಷ್ಟರಲ್ಲಿ ಚುನಾವಣೆಯಲ್ಲಿ ಅವನ ಎದುರಾಳಿ ಕಣದಿಂದ ಹಿಂದೆ ಸರಿದಿದ್ದ. ಪಶ್ಚಿಮದವರು ಇದನ್ನು ‘ಫಿನ್ಲಂಡೀಕರಣ’ ಎಂದು ಹೀಗಳೆದರು. ಇದೇ ಅವಧಿಯಲ್ಲಿ ದೇಶದ ಚುನಾವಣೆ, ಸಂಸತ್ತು, ಖಾಸಗಿ ಆಸ್ತಿ ಎಲ್ಲವೂ ಉಳಿದವು, ಗುತ್ತಿಗೆಗೆ ಪಡೆದಿದ್ದ ಪೊರ್ಕ್ಕಲಾ ನೌಕಾನೆಲೆಯನ್ನು ಸೋವಿಯತ್ ಒಕ್ಕೂಟ ಅವಧಿಗೆ ಮುಂಚೆಯೇ ಹಿಂತಿರುಗಿಸಿತು, 1975ರಲ್ಲಿ 35 ರಾಷ್ಟ್ರಗಳ ನಾಯಕರು ಹೆಲ್ಸಿಂಕಿಯಲ್ಲಿ ಕುಳಿತು ಯೂರೋಪಿನ ಭದ್ರತೆಯ ದಸ್ತಾವೇಜಿಗೆ ಸಹಿ ಹಾಕಿದರು. ಹೀಗಳೆಯುವುದು ದೂರದಲ್ಲಿದ್ದವರಿಗೆ ಸುಲಭವಿತ್ತು.

ಆದರೂ ಆ ಮೌನದ ಬಗ್ಗೆ ನನಗೊಂದು ತಕರಾರಿದೆ, ಅದು ಪಶ್ಚಿಮದವರ ತಕರಾರಲ್ಲ. ಸೋವಿಯತ್ತಿನ ತಪ್ಪುಗಳ ಬಗ್ಗೆ ಸಾರ್ವಜನಿಕವಾಗಿ ಬಾಯಿ ಮುಚ್ಚಿಕೊಂಡ ಸಮಾಜ ಮನೆಯೊಳಗೆ ತನ್ನನ್ನು ಕೇವಲ ನೊಂದವನೆಂದೇ ಬಗೆಯುತ್ತ ಬಂತು. ತನ್ನ ನೋವನ್ನೇ ಬಾಯಿಬಿಟ್ಟು ಹೇಳಿಕೊಳ್ಳಲಾಗದವನಿಗೆ ತಾನು ಕೊಟ್ಟ ನೋವು ಹೇಗೆ ನೆನಪಾದೀತು? ಪೆಟ್ರೊಜಾವೊಡ್ಸ್ಕ್ ಶಿಬಿರಗಳ ಬಗ್ಗೆ ಗಂಭೀರ ಸಂಶೋಧನೆ ಹೊರಬಂದದ್ದು 1980ರ ದಶಕದಲ್ಲಿ. 1942ರ ನವೆಂಬರ್‌ನಲ್ಲಿ ಜರ್ಮನಿಯ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಕೈಗೆ ಒಪ್ಪಿಸಿದ ಎಂಟು ಯಹೂದಿ ನಿರಾಶ್ರಿತರ ವಿಷಯದಲ್ಲಿ ಪ್ರಧಾನಿ ಲಿಪ್ಪೊನೆನ್ ಕ್ಷಮೆ ಕೇಳಿದ್ದು 2000ದಲ್ಲಿ.

ಸೋವಿಯತ್ ಒಕ್ಕೂಟ ಒಡೆದಾಗ ವ್ಯಾಪಾರ ಕುಸಿದು ಫಿನ್‌ಲೆಂಡ್ ತೀವ್ರ ಆರ್ಥಿಕ ಹಿಂಜರಿತಕ್ಕೆ ಸಿಲುಕಿತು. 1992ರಲ್ಲಿ ಹಳೆಯ ಮೈತ್ರಿ ಒಪ್ಪಂದ ರದ್ದಾಯಿತು, 1995ರಲ್ಲಿ ಐರೋಪ್ಯ ಒಕ್ಕೂಟದ ಸದಸ್ಯತ್ವ ಬಂತು. ಆದರೂ ಸೇನಾಕೂಟಗಳಿಂದ ದೂರವಿರುವ ಅಭ್ಯಾಸ ಉಳಿದೇ ಇತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದ ಮೂರೇ ತಿಂಗಳೊಳಗೆ ಆ ಅಭ್ಯಾಸವೂ ಹೋಯಿತು. 2023ರ ಏಪ್ರಿಲ್ 4ರಂದು ಫಿನ್‌ಲೆಂಡ್ ನ್ಯಾಟೊ ಸೇರಿತು. 1939ರ ನೆನಪು ಒಮ್ಮೆಲೇ ಎಲ್ಲರ ಬಾಯಲ್ಲೂ ಬಂದುಬಿಟ್ಟಿತ್ತು.

ಹೆಲ್ಸಿಂಕಿಯಿಂದ ಸೇಂಟ್ ಪೀಟರ್ಸ್‌ಬರ್ಗಿಗೆ, ಅಂದರೆ ಹಳೆಯ ಲೆನಿನ್‌ಗ್ರಾಡಿಗೆ, 2010ರಿಂದ ಓಡುತ್ತಿದ್ದ ವೇಗದ ಪ್ರಯಾಣಿಕ ರೈಲು 2022ರ ಮಾರ್ಚ್‌ನಲ್ಲಿ ನಿಂತಿತು. ಅದು ಗಡಿ ದಾಟುತ್ತಿದ್ದದ್ದು ಪರಿಹಾರದ ಕೊನೆಯ ರೈಲು ದಾಟಿದ ಅದೇ ವೈನಿಕ್ಕಲಾದಲ್ಲಿ. ಅಲ್ಲಿಯ ಹಳಿಗಳ ಅಗಲ ಇಂದಿಗೂ ಯೂರೋಪಿನ 1,435 ಮಿಲಿಮೀಟರ್ ಅಲ್ಲ. ಫಿನ್‌ಲೆಂಡ್ ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದಾಗ ಹಾಕಿದ 1,524 ಮಿಲಿಮೀಟರ್.