ತಪ್ಪುವ ಹೊಡೆತಕ್ಕೂ ಲೆಕ್ಕದಲ್ಲಿ ಜಾಗವಿರಲಿ

ಮಾನ್ಯರೇ,

ಗಾಲ್ಫ್ ಆಡುವ ಬಹಳಷ್ಟು ಮಂದಿ ತಮ್ಮ ಹ್ಯಾಂಡಿಕ್ಯಾಪ್ ಅನ್ನು (ಆಟಗಾರನ ಸಾಮರ್ಥ್ಯವನ್ನು ಹೊಡೆತಗಳಲ್ಲಿ ಅಳೆಯುವ ಸಂಖ್ಯೆ) ದಿನನಿತ್ಯದ ಆಟದ ಮಟ್ಟವೆಂದು ತಿಳಿದು, ಅದಕ್ಕಿಂತ ನಾಲ್ಕೈದು ಹೊಡೆತ ಹೆಚ್ಚಾದ ದಿನ ಮನಸ್ಸು ಕೆಡಿಸಿಕೊಳ್ಳುತ್ತಾರೆ. ಆದರೆ 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯು ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ಮಾತ್ರ ಹಿಡಿಯುತ್ತದೆ. ಉಳಿದ 12 ಸುತ್ತುಗಳು ಅಷ್ಟು ಚೆನ್ನಾಗಿರಲಿಲ್ಲ ಎಂಬುದು ಆ ಲೆಕ್ಕದೊಳಗೇ ಅಡಗಿದೆ. ಒಂದು ಹೋಲ್‌ನಲ್ಲಿ (ಮೊದಲ ಹೊಡೆತದಿಂದ ಕುಳಿಯವರೆಗಿನ ಒಂದು ಭಾಗದಲ್ಲಿ) ಆಟ ಪೂರ್ತಿ ಕೆಟ್ಟು ಹನ್ನೆರಡು ಹೊಡೆತಗಳಾದರೂ ಹ್ಯಾಂಡಿಕ್ಯಾಪ್ ಎಣಿಕೆಯಲ್ಲಿ ಅದಕ್ಕೊಂದು ಮಿತಿಯಿದೆ. ನಿಯಮ ರೂಪಿಸಿದವರು ಆಟಗಾರ ಎಡವುತ್ತಾನೆಂದು ಒಪ್ಪಿಕೊಂಡೇ ಇದನ್ನು ಬರೆದಿದ್ದಾರೆ. ಒಪ್ಪಲು ಹಿಂಜರಿಯುವವರು ಬಹುಮಟ್ಟಿಗೆ ಆಡುವವರೇ.

ಕುಂದನ್ನು ಒಪ್ಪಿಕೊಂಡವರ ಆಟ ನಿಜವಾಗಿಯೂ ಸುಧಾರಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಮುಖ್ಯ ಕಾರಣ, ಅವರು ಗುರಿಯಿಡುವ ಜಾಗವೇ ಬದಲಾಗುವುದು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ವಾಲಿದರೂ, 250 ಗಜ ಹೋಗುವಷ್ಟರಲ್ಲಿ ಅದು ನೇರ ಗೆರೆಯಿಂದ 4 ಗಜಕ್ಕಿಂತ ಹೆಚ್ಚು ಸರಿದಿರುತ್ತದೆ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ, 30 ಗಜ ಅಗಲದ ಫೇರ್‌ವೇಯ ನಟ್ಟನಡುವೆ ಗುರಿಯಿಟ್ಟರೂ ಮೂರೂವರೆ ಡಿಗ್ರಿ ತಪ್ಪಿದರೆ ಚೆಂಡು ಉದ್ದ ಹುಲ್ಲಿನ ಪಾಲು; ಹಾರುವಾಗ ಅದು ಬಾಗುವುದು ಬೇರೆ. ಕ್ಲಬ್ಬಿನ (ಹೊಡೆಯುವ ಕೋಲಿನ) ಮುಖ ಚೆಂಡಿಗೆ ತಾಗಿರುವುದು ಸುಮಾರು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ, ಅಷ್ಟರೊಳಗೆ ಕೈಯನ್ನು ತಿದ್ದಿಕೊಳ್ಳಲು ಯಾರಿಂದಲೂ ಆಗದು. ಹೀಗಾಗಿ ಎಂಥ ನುರಿತವರೇ ಆಗಲಿ, ಒಂದೇ ಕ್ಲಬ್ಬಿನಿಂದ ಒಂದೇ ಗುರಿಯತ್ತ ಇಪ್ಪತ್ತು ಚೆಂಡು ಹೊಡೆದರೆ ಅವು ಒಂದು ಅಂಡಾಕಾರದ ಹರಹಿನಲ್ಲಿ ಚೆದುರಿ ಬೀಳುತ್ತವೆ. ಆ ಹರಹೇ ನಮ್ಮ ನಿಜವಾದ ಹೊಡೆತ. ನೆನಪಿನಲ್ಲಿ ಉಳಿದಿರುವ ಸೊಗಸಾದ ಒಂದು ಚೆಂಡು ಅದರ ಒಂದು ಬಿಂದು ಮಾತ್ರ.

ಗ್ರೀನ್‌ನ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಅಂಗಳದ) ಬಲ ಅಂಚಿನಲ್ಲಿ ಕುಳಿಯನ್ನು ತೋರಿಸುವ ಧ್ವಜವಿದೆ, ಅದರ ಪಕ್ಕದಲ್ಲೇ ಆಳವಾದ ಬಂಕರ್ (ಮರಳಿನ ಗುಂಡಿ) ಇದೆ ಎಂದುಕೊಳ್ಳಿ. ಪರಿಪೂರ್ಣತೆಯ ಹಂಬಲವುಳ್ಳವರು ಧ್ವಜಕ್ಕೇ ಗುರಿಯಿಡುತ್ತಾರೆ, ಆಗ ಹರಹಿನ ಅರ್ಧದಷ್ಟು ಭಾಗ ಗ್ರೀನ್‌ನಿಂದಾಚೆಗೆ, ಬಂಕರಿನ ಕಡೆಗೆ ಚಾಚಿಕೊಳ್ಳುತ್ತದೆ. ತನ್ನ ಹರಹನ್ನು ಬಲ್ಲವರು ಗ್ರೀನ್‌ನ ನಡುವಿಗೆ ಗುರಿಯಿಡುತ್ತಾರೆ. ಅಂದುಕೊಂಡಂತೆಯೇ ಹೋದ ಚೆಂಡು ಧ್ವಜದಿಂದ ಹತ್ತು ಗಜ ದೂರ ನಿಂತರೂ, ಬಲಕ್ಕೆ ತಪ್ಪಿದ ಚೆಂಡು ಗ್ರೀನ್ ಮೇಲೇ ಉಳಿಯುತ್ತದೆ. ಇದು ಅಂಜಿಕೆಯ ಆಟವೆಂದು ಹಲವರು ಮೂಗು ಮುರಿಯುತ್ತಾರೆ, ನಾನು ಆ ಮಾತನ್ನು ಒಪ್ಪುವುದಿಲ್ಲ. ಧ್ವಜದ ಹತ್ತಿರ ಬಿದ್ದ ಮಾತ್ರಕ್ಕೆ ಬರ್ಡಿ (ಹೋಲ್‌ಗೆ ನಿಗದಿಯಾದುದಕ್ಕಿಂತ ಒಂದು ಹೊಡೆತ ಕಡಿಮೆ) ಖಾತ್ರಿಯಾಗುವುದೂ ಇಲ್ಲ: ಪಿಜಿಎ ಟೂರ್‌ನ ವೃತ್ತಿಪರರೇ, ಗ್ರೀನ್ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ 8 ಅಡಿಯ ಪಟ್‌ಗಳಲ್ಲಿ ಹಾಕುವುದು ಹೆಚ್ಚುಕಡಿಮೆ ಅರ್ಧದಷ್ಟನ್ನು.

ಇನ್ನು, ತಪ್ಪಿದ ಮೇಲೆ ಏನು ಮಾಡುತ್ತೇವೆಂಬುದು. ಹಿಂದಿನ ಹೊಡೆತದ ಸಿಟ್ಟಿನಲ್ಲಿ ಕ್ಲಬ್ಬನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟು ಸೆಡೆಯುತ್ತದೆ, ಸ್ವಿಂಗ್ ಅವಸರಕ್ಕೆ ಬೀಳುತ್ತದೆ. ಮರಗಳ ನಡುವಿನ ಸಣ್ಣ ಸಂದಿಯಲ್ಲಿ ಚೆಂಡು ತೂರಿಸುವ ದುಸ್ಸಾಹಸವೂ ಇದೇ ಸಿಟ್ಟಿನ ಕೂಸು. ಒಂದು ತಪ್ಪು ಎರಡಾಗುವುದು ಇಲ್ಲಿಯೇ.

ವೃತ್ತಿಪರ ಗಾಲ್ಫ್ ಆಟಗಾರ ರೋರಿ ಮೆಕಿಲ್‌ರಾಯ್ 2011ರ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನವನ್ನು ನಾಲ್ಕು ಹೊಡೆತಗಳ ಮುನ್ನಡೆಯೊಂದಿಗೆ ಆರಂಭಿಸಿ, 80 ಹೊಡೆತಗಳಲ್ಲಿ ಸುತ್ತು ಮುಗಿಸಿ ಕೆಳಗೆ ಜಾರಿದರು. ಅದೇ ಪಂದ್ಯಾವಳಿ ನಡೆಯುವ ಅಗಸ್ಟಾದಲ್ಲಿ 2025ರಲ್ಲಿ ಅವರು ಗೆದ್ದ ಆಟವೇನೂ ಕಲೆಯಿಲ್ಲದ್ದಾಗಿರಲಿಲ್ಲ. ನಾಲ್ಕು ದಿನಗಳಲ್ಲಿ ನಾಲ್ಕು ಡಬಲ್ ಬೋಗಿಗಳು (ನಿಗದಿಗಿಂತ ಎರಡು ಹೊಡೆತ ಹೆಚ್ಚು). ಕೊನೆಯ ದಿನದ ಮೊದಲ ಹೋಲ್‌ನಲ್ಲೇ ಒಂದು, 13ನೆಯದರಲ್ಲಿ ಹತ್ತಿರದಿಂದ ಹೊಡೆದ ಚೆಂಡು ತೊರೆಗೆ ಬಿದ್ದು ಇನ್ನೊಂದು. 18ನೆಯ ಹೋಲ್‌ನಲ್ಲಿ ಗೆಲುವಿನ ಸಣ್ಣ ಪಟ್ ಕೂಡ ತಪ್ಪಿತು. ಸ್ವಲ್ಪ ಹೊತ್ತಿನಲ್ಲೇ ಸಮಬಲದಲ್ಲಿದ್ದ ಜಸ್ಟಿನ್ ರೋಸ್ ವಿರುದ್ಧದ ನಿರ್ಣಾಯಕ ಪ್ಲೇ-ಆಫ್‌ಗಾಗಿ ಅದೇ ಹೋಲ್‌ಗೆ ಮರಳಿದ ಅವರು ಚೆಂಡನ್ನು ಧ್ವಜದ ಸಮೀಪ ನಿಲ್ಲಿಸಿ ಬರ್ಡಿ ಪಡೆದರು. ನಾಲ್ಕೂ ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಆರನೆಯ ಆಟಗಾರನ ಆ ವಾರದ ಅಂಕಪಟ್ಟಿಯನ್ನು ಪ್ರತಿಯೊಬ್ಬ ಕಲಿಯುವವರೂ ಒಮ್ಮೆ ನಿಧಾನವಾಗಿ ಓದಬೇಕೆಂದು ನನಗನ್ನಿಸುತ್ತದೆ.

ಒಪ್ಪಿಕೊಳ್ಳುವುದೆಂದರೆ ಅಭ್ಯಾಸವನ್ನು ಸಡಿಲಿಸುವುದೆಂದು ದಯವಿಟ್ಟು ಭಾವಿಸಬೇಡಿ. ಹರಹನ್ನು ಕಿರಿದಾಗಿಸುವ ಕೆಲಸ ನಿಲ್ಲುವಂತಿಲ್ಲ, ಆದರೆ ಅದು ಎಷ್ಟಿದೆಯೆಂದು ತಿಳಿಯದೆ ಕಿರಿದಾಯಿತೇ ಎಂದು ಹೇಳುವುದು ಹೇಗೆ? ಮುಂದಿನ ಸಲ ಅಭ್ಯಾಸಕ್ಕೆ ಹೋದಾಗ ಒಂದೇ ಕ್ಲಬ್ಬಿನಿಂದ 20 ಚೆಂಡು ಹೊಡೆಯಿರಿ. ಅತ್ಯುತ್ತಮವಾದುದನ್ನು ಬದಿಗಿಟ್ಟು, ಎಡಕ್ಕೆ ಅತಿ ದೂರ ಹೋದದ್ದು ಎಲ್ಲಿ, ಬಲಕ್ಕೆ ಹೋದದ್ದು ಎಲ್ಲಿ, ಗಿಡ್ಡವಾಗಿ ಬಿದ್ದವು ಎಷ್ಟು ಎಂಬುದನ್ನು ಬರೆದುಕೊಳ್ಳಿ. ಆಟಕ್ಕಿಳಿದ ದಿನ ಟೀ ಮೇಲೆ (ಮೊದಲ ಹೊಡೆತದ ಜಾಗದಲ್ಲಿ) ನಿಂತಾಗ ಆ ಹಾಳೆ ನಿಮ್ಮ ಜೇಬಿನಲ್ಲಿರಲಿ.