ಗೊರಕೆ ನಿಂತಾಗ ಕಿವಿ ಕೊಡಿ

ಎಲ್ಲರಿಗೂ ನಮಸ್ಕಾರ. ಇವತ್ತು ಗೊರಕೆ ಬಗ್ಗೆ ಮಾತಾಡೋಣ. ನಗಬೇಡಿ ಅಂತ ನಾನು ಹೇಳುವುದಿಲ್ಲ. ಮದುವೆ ಛತ್ರದಲ್ಲಿ ಸಾಲಾಗಿ ಚಾಪೆ ಹಾಸಿದಾಗ ಯಾರ ಪಕ್ಕ ಜಾಗ ಹಿಡಿಯಬಾರದು ಅನ್ನೋದು ಇಡೀ ನೆಂಟರಿಷ್ಟರಿಗೆ ಗೊತ್ತಿರುತ್ತದೆ. ಆ ತಮಾಷೆ ಇರಲಿ ಬಿಡಿ.

ನನ್ನ ತಕರಾರು ಇನ್ನೊಂದು ಮಾತಿನ ಬಗ್ಗೆ. "ಪಾಪ, ದಣಿದಿದ್ದಾರೆ, ಎಷ್ಟು ಗಡದ್ದಾಗಿ ನಿದ್ದೆ ಮಾಡ್ತಿದ್ದಾರೆ ನೋಡಿ" ಅಂತೀವಲ್ಲ, ಅದು. ಎಷ್ಟೋ ಸಲ ಇದು ಶುದ್ಧ ಸುಳ್ಳು. ಆ ಮನುಷ್ಯ ನಿದ್ದೆಯನ್ನೇ ಮಾಡುತ್ತಿರುವುದಿಲ್ಲ, ಉಸಿರಿಗಾಗಿ ಒದ್ದಾಡುತ್ತಿರುತ್ತಾನೆ.

ಒಂದು ರಾತ್ರಿ ಸುಮ್ನೆ ಕೂತು ಕೇಳಿಸಿಕೊಳ್ಳಿ. ಗೊರಕೆ ಏರುತ್ತಾ ಹೋಗುತ್ತದೆ. ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಸದ್ಯ, ನಿಂತಿತಲ್ಲ ಅಂತ ಪಕ್ಕದವರು ಮಗ್ಗಲು ಬದಲಾಯಿಸುತ್ತಾರೆ. ಆಗಲೇ ನೋಡಬೇಕು. ಎದೆ, ಹೊಟ್ಟೆ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ, ಆದರೆ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಆಮೇಲೆ ಗೊರ್ ಅಂತ ದೊಡ್ಡದೊಂದು ಉಸಿರು, ಕಾಲು ಝಾಡಿಸುವುದು, ಮತ್ತೆ ಗೊರಕೆ ಶುರು. ಬೆಳಿಗ್ಗೆ ಅವರಿಗೆ ಇದ್ಯಾವುದೂ ನೆನಪಿರುವುದಿಲ್ಲ.

ಇದೇ ಸ್ಲೀಪ್ ಅಪ್ನಿಯಾ. ಎಳನೀರು ಅಂಗಡಿಯ ಪೇಪರ್ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಗಂಟಲಲ್ಲೂ ಹಾಗೇ ಆಗುತ್ತದೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ. ದೊಡ್ಡವರಲ್ಲಿ ಉಸಿರು ಹೀಗೆ ಪೂರ್ತಿ ನಿಲ್ಲುವುದು ಅಥವಾ ತೀರಾ ಕಡಿಮೆಯಾಗುವುದು ಗಂಟೆಗೆ ಐದು ಸಲಕ್ಕಿಂತ ಕಮ್ಮಿ ಇದ್ದರೆ ಚಿಂತೆಯಿಲ್ಲ. 30 ದಾಟಿದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಅಂದರೆ ಎರಡು ನಿಮಿಷಕ್ಕೊಮ್ಮೆ, ರಾತ್ರಿಯಿಡೀ. ಈಗ ಹೇಳಿ, ಇದು ಗಡದ್ದು ನಿದ್ದೆನಾ?

ಹಗಲಿನಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಎದ್ದ ತಕ್ಷಣ ತಲೆನೋವು, ಬಾಯಿ ಒಣಗುವುದು. ಸಿಗ್ನಲ್‌ನಲ್ಲಿ ಗಾಡಿ ನಿಂತರೆ ತೂಕಡಿಕೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಇದನ್ನು ಎಲ್ಲರೂ ಶುಗರ್ ಇರಬೇಕು ಅಂದುಕೊಳ್ಳುತ್ತಾರೆ. ಮಾತ್ರೆ ಮೇಲೆ ಮಾತ್ರೆ ನುಂಗಿದರೂ ಬಗ್ಗದ ಬಿಪಿ. 2022ರ ಫೆಬ್ರವರಿಯಲ್ಲಿ ಬಪ್ಪಿ ಲಾಹಿರಿ ತೀರಿಕೊಂಡಾಗ ವೈದ್ಯರು ಹೇಳಿದ್ದು ಈ ಕಾಯಿಲೆಯ ಹೆಸರನ್ನೇ. ಕನ್ನಡ ಸಿನಿಮಾಗೂ ಸಂಗೀತ ಕೊಟ್ಟಿದ್ದ ಮನುಷ್ಯ. ಆ ವಾರ ಎಲ್ಲರೂ ಗೂಗಲ್ ಮಾಡಿದರು, ಮುಂದಿನ ವಾರ ಮರೆತರು.

ದಪ್ಪಗಿದ್ದವರ ಕಾಯಿಲೆ ಅಂತ ತಳ್ಳಿಹಾಕಬೇಡಿ. ತೂಕ, ದಪ್ಪ ಕುತ್ತಿಗೆ ದೊಡ್ಡ ಕಾರಣ, ನಿಜ. ಆದರೆ ದವಡೆ ಚಿಕ್ಕದಿದ್ದರೆ ಸಣ್ಣಗಿದ್ದವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಜಾಸ್ತಿಯಾಗುತ್ತದೆ. ಮಕ್ಕಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗಡ್ಡೆಯಂಥ ಅಂಗಾಂಶ) ಡಾಕ್ಟರಿಗೆ ತೋರಿಸಲೇಬೇಕು.

ಈಗ ಚಿಕಿತ್ಸೆ. ಮೂಗಿಗೆ ಸಿಕ್ಕಿಸುವ ಕ್ಲಿಪ್, ಬಾಯಿಗೆ ಅಂಟಿಸುವ ಟೇಪ್, ಗೊರಕೆ ನಿಲ್ಲಿಸುವ ಉಂಗುರ ಅಂತ ರೀಲ್ಸ್‌ನಲ್ಲಿ ಮಾರುತ್ತಾರಲ್ಲ, ಅವುಗಳ ಮೇಲೆ ನನಗೆ ಸಿಟ್ಟಿದೆ. ಮುಚ್ಚುತ್ತಿರುವುದು ಗಂಟಲು, ಬೆರಳಿಗೆ ಉಂಗುರ ಯಾಕೆ? ಅದರಲ್ಲೂ ಉಸಿರು ನಿಲ್ಲುವವರ ಬಾಯಿಗೆ ಟೇಪ್ ಅಂಟಿಸುವುದು ಹುಚ್ಚಾಟ. ತೂಕ ಇಳಿಸುವುದು, ಮಲಗುವ ಮುಂಚೆ ಗುಂಡು ಹಾಕದಿರುವುದು, ಅಂಗಾತ ಬಿಟ್ಟು ಮಗ್ಗುಲಿಗೆ ಮಲಗುವುದು, ಇವು ನಿಜವಾಗಿ ಉಪಯೋಗ. ಸೌಮ್ಯವಾಗಿದ್ದರೆ ದಂತವೈದ್ಯರು ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ ಮಾಡಿಕೊಡುತ್ತಾರೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕ ಈ ಕಾಯಿಲೆಗೂ ಒಪ್ಪಿಗೆ ಕೊಟ್ಟಿತು, ಬೊಜ್ಜಿರುವವರಿಗೆ ಮಾತ್ರ.

ಆದರೆ ಮಧ್ಯಮ, ತೀವ್ರ ಹಂತದವರಿಗೆ ಡಾಕ್ಟರು ಮೊದಲು ಹೇಳುವುದು ಈಗಲೂ ಸಿಪ್ಯಾಪ್, ಅಂದರೆ ಮಲಗುವಾಗ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ. 1980ರವರೆಗೆ ಜೋರು ಕಾಯಿಲೆಗೆ ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡುತ್ತಿದ್ದರು. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಟ್ಟರು. ಶುರುವಿನ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟರು! ಈಗಿನವು ಟಿಫಿನ್ ಡಬ್ಬಿಯಷ್ಟು ಚಿಕ್ಕವು, ಸದ್ದು ಕಮ್ಮಿ.

ಸತ್ಯ ಹೇಳುತ್ತೇನೆ, ಮೊದಲ ವಾರ ಹಿಂಸೆ. ಮಾಸ್ಕ್ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತದೆ. ದಪ್ಪ ಮೀಸೆಯವರಿಗೆ ಸರಿಯಾಗಿ ಕೂರುವುದೇ ಇಲ್ಲ. ಎಷ್ಟೋ ಜನ ಇಷ್ಟಕ್ಕೇ ಬೇಸತ್ತು ಯಂತ್ರವನ್ನು ಅಟ್ಟಕ್ಕೆ ಹಾಕುತ್ತಾರೆ. ನನ್ನ ಪ್ರಕಾರ ಅರ್ಧ ತಪ್ಪು ಮಾರುವವರದ್ದು. ಸಾವಿರಾರು ರೂಪಾಯಿ ಎಣಿಸಿಕೊಂಡು ಒಂದೇ ಮಾಸ್ಕ್ ಕೈಗಿಟ್ಟು ಹೋಗುತ್ತಾರೆ. ನೀವು ಎರಡು ಮೂರು ಅಳತೆ ಹಾಕಿ ನೋಡಿ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಿ. ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಕೇಳಿ.

ಅದಕ್ಕೂ ಮೊದಲು ಸ್ಲೀಪ್ ಸ್ಟಡಿ ಆಗಬೇಕು. ಬೆರಳಿಗೆ, ಎದೆಗೆ, ಮೂಗಿಗೆ ಸೆನ್ಸರ್ ಹಾಕಿ ಒಂದು ರಾತ್ರಿ ಮಲಗಿಸುತ್ತಾರೆ. ಎಷ್ಟೋ ಜನರಿಗೆ ಮನೆಯಲ್ಲೇ ಮಾಡಬಹುದು. ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ ಹತ್ತಿರ ಕೇಳಿ.

ಅಲ್ಲಿ "ಗೊರಕೆ ಹೊಡೀತೀರಾ?" ಅಂದರೆ ನಮ್ಮವರ ಉತ್ತರ ಗೊತ್ತಲ್ಲ: "ಇಲ್ಲ ಡಾಕ್ಟ್ರೇ, ಸ್ವಲ್ಪ." ಮಲಗಿದವರಿಗೆ ಏನು ಗೊತ್ತಿರುತ್ತದೆ? ಹಾಗಾಗಿ ಪಕ್ಕದಲ್ಲಿ ಮಲಗುವವರನ್ನೂ ಒಳಗೆ ಕರೆದುಕೊಂಡು ಹೋಗಿ. ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಗೊರಕೆ ನಿಂತ ಆ ಹತ್ತು ಸೆಕೆಂಡ್ ಅದರಲ್ಲಿ ಬಂದಿರಲಿ.